ಅಪ್ಪರ್ ಡೆಲವೇರ್‌ನಲ್ಲಿ ಕನೂ ಮೇಲೆ ಗಾಳ: ಟ್ರೌಟ್, ಸ್ಮಾಲ್‌ಮೌತ್ ಎರಡೂ ಒಂದೇ ಟ್ರಿಪ್ಪಿನಲ್ಲಿ ಆಗುತ್ತಾ?

ಎಡಿಸನ್ ಹೈದ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಭಾವಮೈದನೂ ಸೇರಿ ಒಂದು ಹಳೇ 16 ಅಡಿ ಕನೂ (ಹುಟ್ಟು ಹಾಕುವ ಸಣ್ಣ ದೋಣಿ) ಕೊಂಡಿದ್ದೇವೆ. ಇಲ್ಲಿಯವರೆಗೆ ಮನೆ ಹತ್ತಿರದ ಕೆರೆಗಳಲ್ಲಿ ಸುತ್ತಾಡಿದ್ದೇ ಹೆಚ್ಚು, ಹರಿಯುವ ನೀರಿಗೆ ಇಳಿಸಿಲ್ಲ. ಜುಲೈ ನಾಲ್ಕರ ರಜೆಗೆ ನ್ಯೂಯಾರ್ಕ್ ರಾಜ್ಯದ ಕಡೆಯ ಡೆಲವೇರ್ ನದಿಯ ಮೇಲ್ಭಾಗಕ್ಕೆ ಹೋಗೋಣ ಅಂತ ಇದ್ದೇವೆ. ಹ್ಯಾಂಕಾಕ್‌ನಲ್ಲಿ ಕನೂ ಇಳಿಸುವುದು, ಎರಡು ದಿನದಲ್ಲಿ ನ್ಯಾರೋಸ್‌ಬರ್ಗ್ ತನಕ ತೇಲಿಕೊಂಡು ಬರುವುದು, ಮೇಲಿನ ಭಾಗದಲ್ಲಿ ಟ್ರೌಟ್, ಕೆಳಗೆ ಬಂದ ಮೇಲೆ ಸ್ಮಾಲ್‌ಮೌತ್ ಬಾಸ್. ಮ್ಯಾಪ್ ಪ್ರಕಾರ ಸುಮಾರು 40 ಮೈಲಿ.

ಕೇಳಬೇಕಾದ್ದು ಇಷ್ಟು. ಈ ಪ್ಲಾನ್ ನಡೆಯುತ್ತಾ? ಲಂಗರು ಬೇಕಾ? ನನ್ನ ಹತ್ತಿರ ನ್ಯೂಜೆರ್ಸಿ ಲೈಸೆನ್ಸ್ ಇದೆ, ಅದು ಸಾಕಾ? ಕೊನೆಯದು ಭಾವಮೈದನ ಪ್ರಶ್ನೆ, ಬಯ್ಯಬೇಡಿ: ರಾಗಿ ಮುದ್ದೆಗೆ ಈ ಬಾಸ್ ಬೀಳುತ್ತಾ?

ಹುಟ್ಟು ಹಿಡಿದವ

ಪ್ಲಾನ್ ಚೆನ್ನಾಗಿದೆ, ತಿಂಗಳು ಸರಿಯಿಲ್ಲ. ಮೈಲಿಯೂ ಸರಿಯಿಲ್ಲ.

ಮೊದಲು ಮೈಲಿ. ಸುಮ್ನೆ ಹುಟ್ಟು ಹಾಕಿಕೊಂಡು ಹೋಗುವವರಿಗೆ ದಿನಕ್ಕೆ 20 ಮೈಲಿ ಆಗುತ್ತೆ. ಗಾಳ ಹಾಕುತ್ತಾ ಹೋಗುವವರಿಗೆ ಎಂಟು, ಹೆಚ್ಚೆಂದರೆ ಹತ್ತು. ಜುಲೈಯಲ್ಲಿ ನೀರು ಇಳಿದಿರುತ್ತೆ, ಮಡುಗಳಲ್ಲಿ ಹರಿವೇ ಇರುವುದಿಲ್ಲ, ಮಧ್ಯಾಹ್ನ ಆಯಿತು ಅಂದರೆ ಎದುರು ಗಾಳಿ ಬೇರೆ. 40 ಮೈಲಿ ಇಟ್ಟುಕೊಂಡರೆ ಎರಡನೇ ದಿನ ನೀವು ಮೀನು ನೋಡುವುದಿಲ್ಲ, ಬರೀ ಹುಟ್ಟು ಹಾಕುತ್ತೀರಿ.

ಈಗ ತಿಂಗಳು. ಡೆಲವೇರ್‌ನ ಮೇಲ್ಭಾಗದಲ್ಲಿ ಟ್ರೌಟ್ ಇಷ್ಟು ಜೋರಾಗಿ ಇರುವುದಕ್ಕೆ ಕಾರಣ ಎರಡು ಡ್ಯಾಮ್. ನದಿಗೆ ಎರಡು ಕವಲು, ಈಸ್ಟ್ ಬ್ರಾಂಚ್ ಮೇಲೆ ಪೆಪ್ಯಾಕ್ಟನ್, ವೆಸ್ಟ್ ಬ್ರಾಂಚ್ ಮೇಲೆ ಕ್ಯಾನನ್ಸ್‌ವಿಲ್. ಒಂದು 1950ರ ದಶಕದ್ದು, ಇನ್ನೊಂದು 1960ರ ದಶಕದ್ದು, ಎರಡೂ ನ್ಯೂಯಾರ್ಕ್ ಸಿಟಿಯ ಕುಡಿಯುವ ನೀರಿಗೆ ಕಟ್ಟಿದ್ದು. ನದಿಗೆ ನೀರು ಬಿಡುವುದು ಜಲಾಶಯದ ತಳದಿಂದ. ಹಾಗಾಗಿ ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ ಡ್ಯಾಮ್ ಕೆಳಗೆ ನೀರು 50 ಡಿಗ್ರಿಯ ಆಸುಪಾಸು, ಕಾಲಿಟ್ಟರೆ ಐದು ನಿಮಿಷಕ್ಕೆ ಮರಗಟ್ಟುತ್ತೆ. ಎರಡು ಬ್ರಾಂಚ್ ಸೇರುವುದು ಹ್ಯಾಂಕಾಕ್‌ನಲ್ಲಿ. ಅಲ್ಲಿಂದ ಕೆಳಗೆ ನೀರು ಮೈಲಿ ಮೈಲಿಗೂ ಬಿಸಿ ಏರುತ್ತಾ ಹೋಗುತ್ತೆ. ಕ್ಯಾಲಿಕೂನ್ ತನಕದ ಸುಮಾರು 27 ಮೈಲಿ ಎರಡೂ ಮೀನು ಸಿಗುವ ಜಾಗ, ಅದರ ಕೆಳಗೆ ಹೆಚ್ಚಾಗಿ ಬಾಸ್‌ನದೇ ರಾಜ್ಯ. ಮೇ ಕೊನೆಯಲ್ಲಿ ಬಂದರೆ ನಿಮ್ಮ ಆಸೆ ನಡೆಯುತ್ತೆ, ಬೆಳಿಗ್ಗೆ ಟ್ರೌಟ್, ಮಧ್ಯಾಹ್ನ ಬಾಸ್. ಜುಲೈ ನಾಲ್ಕಕ್ಕೆ ಬಿಸಿಲು ಹಿಡಿದಿದ್ದರೆ ಹ್ಯಾಂಕಾಕ್ ಕೆಳಗೂ ನೀರು 70 ದಾಟಿರಬಹುದು.

68 ಡಿಗ್ರಿ, ಅಂದರೆ 20 ಸೆಲ್ಸಿಯಸ್. ಆ ಗೆರೆ ದಾಟಿದರೆ ಟ್ರೌಟ್‌ಗೆ ಗಾಳ ಹಾಕಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದರಲ್ಲಿ ಮೀನನ್ನು ಎಳೆದಾಡಿಸುವುದು ಜ್ವರ ಬಂದವನನ್ನು ಓಡಿಸಿದ ಹಾಗೆ. ಬಿಟ್ಟಾಗ ಈಜಿಕೊಂಡು ಹೋಗುತ್ತೆ, ನಿಮಗೂ ಖುಷಿ. ಅರ್ಧ ಗಂಟೆ ಬಿಟ್ಟು ಕೆಳಗಿನ ಮಡುವಿನಲ್ಲಿ ಹೊಟ್ಟೆ ಮೇಲಾಗಿ ಬಿದ್ದಿರುತ್ತೆ, ಅದನ್ನು ನೀವು ನೋಡುವುದಿಲ್ಲ. ಸ್ಮಾಲ್‌ಮೌತ್‌ಗೆ ಅದೇ ನೀರು ಹಬ್ಬ. 65ರಿಂದ 75 ಅದಕ್ಕೆ ಬೇಕಾದ್ದೇ.

ಹಾಗಾಗಿ ಹತ್ತು ಡಾಲರ್‌ನ ಒಂದು ಥರ್ಮಾಮೀಟರ್ ತಗೊಳ್ಳಿ, ದಾರ ಕಟ್ಟಿ ಕನೂ ಪಕ್ಕ ನೀರಿಗೆ ಬಿಡಿ. ಈ ನದಿಯಲ್ಲಿ ಯಾವ ಮೀನಿಗೆ ಗಾಳ ಹಾಕಬೇಕು ಅಂತ ನಿರ್ಧಾರ ಮಾಡುವುದು ನಾವಲ್ಲ, ಅದು.

ಮಂಡ್ಯ ಮೀನು

ಹುಟ್ಟಣ್ಣ ಹೇಳಿದ್ದಕ್ಕೆ ಒಂದು ಬಾಲ ಸೇರಿಸುತ್ತೇನೆ, ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ.

ಆ ಡ್ಯಾಮ್‌ಗಳಿಂದ ಎಷ್ಟು ನೀರು ಬಿಡಬೇಕು ಅನ್ನುವುದು ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನಿಂತಿದೆ. ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಡೆಲವೇರ್, ನಾಲ್ಕು ರಾಜ್ಯ, ಜೊತೆಗೆ ನ್ಯೂಯಾರ್ಕ್ ಸಿಟಿ. 1931ರಲ್ಲಿ ಒಂದು ತೀರ್ಪು, 1954ರಲ್ಲಿ ಇನ್ನೊಂದು. ಸಿಟಿ ದಿನಕ್ಕೆ 80 ಕೋಟಿ ಗ್ಯಾಲನ್ ತೆಗೆದುಕೊಳ್ಳಬಹುದು, ಅದಕ್ಕೆ ಬದಲಾಗಿ ನ್ಯೂಜೆರ್ಸಿಯ ಮಾಂಟೇಗ್ ಹತ್ತಿರ ನದಿಯಲ್ಲಿ 1,750 ಕ್ಯೂಸೆಕ್ ಹರಿಯುವಂತೆ ನೋಡಿಕೊಳ್ಳಬೇಕು. ಉಸ್ತುವಾರಿಗೆ ರಿವರ್ ಮಾಸ್ಟರ್ ಅಂತ ಒಬ್ಬ ಅಧಿಕಾರಿ. ಕಾವೇರಿ ನೀರು ಅಳೆಯುವ ನಮ್ಮ ಬಿಳಿಗುಂಡ್ಲು ಮಾಪನ ಕೇಂದ್ರ ಇದೆಯಲ್ಲ, ಇವರ ಬಿಳಿಗುಂಡ್ಲು ಮಾಂಟೇಗ್.

ಇದರಿಂದ ಗಾಳ ಹಾಕುವವನಿಗೆ ಏನು? ಒಣ ಬೇಸಿಗೆಯಲ್ಲಿ ಮಾಂಟೇಗ್‌ನಲ್ಲಿ ನೀರು ಕಮ್ಮಿಯಾದರೆ ಮೇಲಿನಿಂದ ತಣ್ಣೀರು ಬಿಡಲೇಬೇಕು, ಅದೂ ಹೆಚ್ಚಾಗಿ ಕ್ಯಾನನ್ಸ್‌ವಿಲ್‌ನಿಂದ. ಟ್ರೌಟ್‌ಗೆ ಅದೃಷ್ಟ. ಕೆಳಗಡೆ ಚೆನ್ನಾಗಿ ಮಳೆ ಬಂದರೆ, ಇಲ್ಲಾ ಲ್ಯಾಕವಾಕ್ಸನ್ ಉಪನದಿಯ ಕಡೆಯಿಂದ ವಿದ್ಯುತ್ ಘಟಕದ ನೀರು ಬಂದು ಸೇರಿದರೆ ಮಾಂಟೇಗ್ ಲೆಕ್ಕ ತಾನಾಗೇ ತುಂಬುತ್ತೆ, ಮೇಲೆ ನಲ್ಲಿ ತಿರುಗಿಸಿ ನೀರು ಕಮ್ಮಿ ಮಾಡುತ್ತಾರೆ, ಹ್ಯಾಂಕಾಕ್ ಕೆಳಗೆ ನೀರು ಬಿಸಿಯಾಗುತ್ತೆ. ಅಂದರೆ ಎಲ್ಲೋ ಕೆಳಗೆ ಮಳೆ ಬಂದ ವಾರ ಮೇಲೆ ಟ್ರೌಟ್‌ಗೆ ಕಷ್ಟ. ಮೊದಲ ಸಲ ಕೇಳಿದಾಗ ಉಲ್ಟಾ ಅನ್ನಿಸುತ್ತೆ. ಈಚಿನ ವರ್ಷಗಳ ಒಪ್ಪಂದದಲ್ಲಿ ಟ್ರೌಟ್‌ಗೋಸ್ಕರ ಬೇರೆ ನೀರೂ ಎತ್ತಿಟ್ಟಿದ್ದಾರೆ, ಹ್ಯಾಂಕಾಕ್‌ಗಿಂತ ಕೆಳಗಿನ ಲಾರ್ಡ್‌ವಿಲ್‌ನಲ್ಲಿ 75 ಡಿಗ್ರಿ ದಾಟದಂತೆ ನೋಡಿಕೊಳ್ಳುವುದು ಅದರ ಗುರಿ. ಗಮನಿಸಿ, ಅದು ಮೀನು ಸಾಯದಿರಲಿ ಅಂತ, ನೀವು ಹಿಡಿಯಿರಿ ಅಂತ ಅಲ್ಲ.

ಹೊರಡುವ ಮುಂಚೆ ಸರ್ಕಾರಿ ಮಾಪಕಗಳನ್ನು ನೋಡಿ. ಹೇಲ್ ಎಡ್ಡಿ, ಲಾರ್ಡ್‌ವಿಲ್, ಕ್ಯಾಲಿಕೂನ್, ಬ್ಯಾರಿವಿಲ್. ಹರಿವು ಎಲ್ಲದಕ್ಕೂ ಆನ್‌ಲೈನ್‌ನಲ್ಲಿ ಸಿಗುತ್ತೆ.

ಕೊಡಗಿನ ಕಾಫಿ

ರಾಗಿ ಮುದ್ದೆ ಪ್ರಶ್ನೆಗೆ ಬಯ್ಯುವುದು ಏನಿದೆ, ಕಾವೇರಿಯಲ್ಲಿ ಮಹಶೀರ್‌ಗೆ ಹಾಕುತ್ತಿದ್ದುದೇ ಅದು. ಗಟ್ಟಿ ಬೇಯಿಸಿ ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟುತ್ತಿದ್ದರು. ಆದರೆ ಸ್ಮಾಲ್‌ಮೌತ್ ಹಿಟ್ಟು ತಿನ್ನುವ ಮೀನಲ್ಲ. ಓಡಾಡುವುದನ್ನು ಅಟ್ಟಿಸಿಕೊಂಡು ಹೋಗಿ ತಿನ್ನುತ್ತೆ. ಕ್ರೇಫಿಶ್, ಸಣ್ಣ ಮೀನು, ಕಲ್ಲಿನಡಿ ಇರುವ ಹೆಲ್‌ಗ್ರಮೈಟ್ ಹುಳ, ಇವು ಅದರ ಊಟ. ಮುದ್ದೆ ತಂದರೆ ವೇಸ್ಟ್ ಏನೂ ಆಗುವುದಿಲ್ಲ ಬಿಡಿ, ಅದೇ ನದಿಯ ನಿಧಾನದ ಮಡುಗಳಲ್ಲಿ ಕಾರ್ಪ್ ಇದೆ, ಅದಕ್ಕೆ ಹಿಟ್ಟಿನ ಉಂಡೆ ಅಂದರೆ ಪ್ರಾಣ. ಭಾವಮೈದನಿಗೆ ಒಂದು ರಾಡ್ ಬೇರೆ ಕೊಡಿ.

ಕಪಿಲೆ

ಇದುವರೆಗೆ ಯಾರೂ ಲೈಫ್ ಜಾಕೆಟ್ ಮಾತೇ ಎತ್ತಿಲ್ಲ. ಎಡಿಸನ್ ಅವರೇ, ಕೆರೆಯಲ್ಲಿ ಮಾತ್ರ ಓಡಿಸಿದ್ದೀರಿ ಅಂತ ನೀವೇ ಬರೆದಿದ್ದೀರಿ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಹ್ಯಾಂಕಾಕ್‌ನಿಂದ ಪೋರ್ಟ್ ಜರ್ವಿಸ್ ಹತ್ತಿರದ ಸ್ಪ್ಯಾರೋಬುಷ್ ತನಕ 73.4 ಮೈಲಿ ನದಿ ನ್ಯಾಷನಲ್ ಪಾರ್ಕ್ ಸರ್ವಿಸ್ ಉಸ್ತುವಾರಿಯಲ್ಲಿದೆ, 1978ರಿಂದ. ಅವರ ನಿಯಮ: 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಸದಾ ಜಾಕೆಟ್ ಹಾಕಿರಬೇಕು. ಬ್ಯಾರಿವಿಲ್ ಮಾಪಕ 6 ಅಡಿ ಮುಟ್ಟಿದರೆ ಎಲ್ಲರೂ ಹಾಕಲೇಬೇಕು. ಚಳಿಗಾಲದ ತಿಂಗಳುಗಳಲ್ಲಿ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಎರಡೂ ರಾಜ್ಯದ ಕಾನೂನು ಹೇಗೂ ಹಾಕಿ ಅನ್ನುತ್ತೆ. ನನ್ನ ನಿಯಮ ಇನ್ನೂ ಸಣ್ಣದು: ಕನೂದಲ್ಲಿ ಕಾಲಿಟ್ಟರೆ ಜಾಕೆಟ್. ಈ ನದಿಯಲ್ಲಿ ಮುಳುಗಿ ಸತ್ತವರಲ್ಲಿ ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ದೋಣಿಯಲ್ಲಿ ಇತ್ತು, ಸೀಟಿನ ಕೆಳಗೆ, ದಿಂಬಿನ ಬದಲು.

ನಿಮ್ಮ ದಾರಿಯಲ್ಲಿ ಸ್ಕಿನ್ನರ್ಸ್ ಫಾಲ್ಸ್ ಬರುತ್ತೆ, ನ್ಯಾರೋಸ್‌ಬರ್ಗ್‌ಗೆ ಸುಮಾರು ಐದು ಮೈಲಿ ಮುಂಚೆ. ಹೆಸರು ಕೇಳಿ ಜೋಗ ಅಂದುಕೊಳ್ಳಬೇಡಿ, ಮೆಟ್ಟಿಲು ಮೆಟ್ಟಿಲಾದ ಬಂಡೆಗಳ ಮೇಲೆ ನೀರು ಇಳಿಯುವ ರ‍್ಯಾಪಿಡ್. ಹೊಸಬರ ಕನೂ ಮಗುಚುವುದು ಅಲ್ಲೇ. ಮೇಲೇ ದಂಡೆಗೆ ಬಂದು, ಇಳಿದು ನಡೆದು ನೋಡಿ. ದಾರಿ ಕಾಣದಿದ್ದರೆ ಕನೂವನ್ನು ಹೊತ್ತುಕೊಂಡು ಕೆಳಗೆ ಹೋಗಿ, ಯಾರೂ ನಗುವುದಿಲ್ಲ. ಮಗುಚಿದರೆ ಎದ್ದು ನಿಲ್ಲುವ ಪ್ರಯತ್ನ ಬೇಡ. ಹರಿವ ನೀರಿನಲ್ಲಿ ಪಾದ ಎರಡು ಬಂಡೆಯ ನಡುವೆ ಸಿಕ್ಕರೆ ಸೊಂಟದ ಮಟ್ಟದ ನೀರೂ ಸಾಕು, ಬೆನ್ನ ಮೇಲಿನ ಸೆಳವು ಮುಖವನ್ನು ನೀರಿಗೆ ಒತ್ತಿಬಿಡುತ್ತೆ. ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ತೇಲಿಕೊಂಡು ಹೋಗಿ. ಕನೂವಿನ ಕೆಳಬದಿಗೆ, ಅಂದರೆ ನೀರು ಹರಿದು ಹೋಗುವ ಕಡೆಗೆ, ಯಾವತ್ತೂ ಇರಬೇಡಿ, ನೀರು ತುಂಬಿದ ಕನೂ ನಿಮ್ಮನ್ನು ಬಂಡೆಗೆ ಅಪ್ಪಚ್ಚಿ ಮಾಡುತ್ತೆ.

ಮತ್ತೆ ಗಾಳದವರಿಗೇ ಬೇಕಾದ ಮಾತು. ರ‍್ಯಾಪಿಡ್‌ಗೆ ಮುಂಚೆ ಮೂರು ಮುಳ್ಳಿನ ಗಾಳಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿ. ನೀರಲ್ಲಿ ಬಿದ್ದಾಗ ಕೈಗೋ ಜಾಕೆಟ್ಟಿಗೋ ಗಾಳ ಚುಚ್ಚಿಕೊಂಡು ಅದರ ಇನ್ನೊಂದು ತುದಿಯಲ್ಲಿ ಕನೂ ಇದ್ದರೆ ಏನಾಗುತ್ತೆ ಅಂತ ಯೋಚಿಸಿ ಸಾಕು.

ಮಲ್ಪೆ ಹುಡುಗ

ಕಪಿಲೆ ಅಕ್ಕ ಹೇಳಿದ್ದೆಲ್ಲ ನೂರಕ್ಕೆ ನೂರು. ಲಂಗರು ಬೇಕಾ ಅಂತ ಕೇಳಿದ್ದರು. ಬೇಕು. ಲಂಗರು ಇಲ್ಲದೆ ಒಳ್ಳೆಯ ಜಾಗ ಬಂತು ಅನ್ನುವಷ್ಟರಲ್ಲಿ ದಾಟಿಹೋಗಿರುತ್ತೀರಿ. ಎಂಟು ಹತ್ತು ಪೌಂಡಿನದು ಸಾಕು. ಹಿಂದಿನ ತುದಿಯಲ್ಲಿ ಒಂದು ಸಣ್ಣ ರಾಟೆ ಹಾಕಿ, ಹಗ್ಗ ಅದರ ಮೂಲಕ ಬಂದು ಹಿಂದೆ ಕೂತವನ ಕೈಗೆ ಸಿಗಬೇಕು. ಗಂಟು ಹಾಕಬೇಡಿ, ಕಚ್ಚಿಕೊಳ್ಳುವ ಕ್ಲೀಟ್ ಹಾಕಿ, ಒಂದು ಎಳೆತಕ್ಕೆ ಬಿಡಬೇಕು. ಮೊನಚು ಕೊಕ್ಕೆಯ ಸಮುದ್ರದ ಲಂಗರು ಬೇಡ, ಬಂಡೆಗೆ ಸಿಕ್ಕಿಕೊಂಡರೆ ಬರುವುದಿಲ್ಲ.

ಹುಟ್ಟು ಹಿಡಿದವ

ಮಲ್ಪೆ, ನಿಮಗೆ ದೋಣಿ ಗೊತ್ತು, ನೀವು ಮಾಡಿ. ಹೊಸಬರಿಗೆ ಹರಿಯುವ ನದಿಯಲ್ಲಿ ಲಂಗರು ಬೇಡವೇ ಬೇಡ ಅನ್ನುವವನು ನಾನು. ಹಗ್ಗ ಸ್ವಲ್ಪ ಪಕ್ಕಕ್ಕೆ ಜಾರಿದರೆ ಕನೂ ಅಡ್ಡ ತಿರುಗುತ್ತೆ, ಮೇಲಿನ ಅಂಚು ನೀರಿಗೆ ಬಗ್ಗುತ್ತೆ, ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬುತ್ತೆ. ಕ್ಲೀಟ್ ಎಲ್ಲಿದೆ ಅಂತ ಹುಡುಕಲು ಆಗ ಟೈಮ್ ಇರುವುದಿಲ್ಲ.

ಲಂಗರಿನ ಬದಲು ಹೀಗೆ ಮಾಡಿ. ಒಬ್ಬ ಗಾಳ ಹಾಕುವಾಗ ಇನ್ನೊಬ್ಬ ಬರೀ ಹುಟ್ಟು. ಮುಂದೆ ಕೂತವನು ಗಾಳ, ಹಿಂದಿನವನು ಹಿಮ್ಮುಖ ಹುಟ್ಟು ಹಾಕಿ ಕನೂವನ್ನು ನೀರಿಗಿಂತ ನಿಧಾನ ಇಳಿಸಬೇಕು. ಗಂಟೆಗೊಮ್ಮೆ ಅದಲು ಬದಲು. ಇಬ್ಬರೂ ಒಟ್ಟಿಗೆ ಗಾಳ ಹಾಕಲು ಹೋದರೆ ಕನೂ ತನ್ನಿಷ್ಟಕ್ಕೆ ಹೋಗುತ್ತೆ, ಭಾವ ಭಾವಮೈದ ಮಾತು ಬಿಡುತ್ತೀರಿ. ಟ್ರೌಟ್‌ಗಾದರೆ ಕನೂ ಬರೀ ಬಸ್ಸು. ಜಾಗಕ್ಕೆ ಹೋಗಿ, ಜಲ್ಲಿಕಲ್ಲಿನ ದಿಬ್ಬಕ್ಕೆ ಎಳೆದು ಹಾಕಿ, ಮೊಣಕಾಲು ನೀರಿನಲ್ಲಿ ನಿಂತು ಹಿಡಿಯಿರಿ. ದಿಬ್ಬಕ್ಕೆ ಎಳೆದ ಕನೂವನ್ನು ಕಟ್ಟಿ ಹಾಕುವುದು ಮರೆಯಬೇಡಿ, ಮೇಲಿನಿಂದ ನೀರು ಬಿಟ್ಟರೆ ಅದು ನಿಮ್ಮನ್ನು ಕಾಯುವುದಿಲ್ಲ.

ಮಲ್ಪೆ ಹುಡುಗ

ಹಾಗಾದರೆ ಸರಪಳಿ? ಹಳೇ ಸೈಕಲ್ ಟ್ಯೂಬಿನಲ್ಲಿ ತೂರಿಸಿದ ಸರಪಳಿಯನ್ನು ಹಿಂದಿನಿಂದ ಎಳೆದುಕೊಂಡು ಹೋಗುವವರನ್ನು ನೋಡಿದ್ದೇನೆ, ಕನೂ ಚೆನ್ನಾಗಿ ನಿಧಾನ ಆಗುತ್ತೆ.

ಹುಟ್ಟು ಹಿಡಿದವ

ಆಗುತ್ತೆ. ತಳದ ಕಲ್ಲನ್ನೆಲ್ಲ ಗೀಚಿಕೊಂಡು ಹೋಗುತ್ತೆ, ಮೇ-ಜೂನ್‌ನಲ್ಲಿ ಬಾಸ್ ಗೂಡುಗಳೂ ಅದರಲ್ಲೇ ಹೋಗುತ್ತವೆ. ನೀರು 60 ದಾಟಿದ ಮೇಲೆ ಗಂಡು ಬಾಸ್ ಬಾಲದಿಂದ ಜಲ್ಲಿ ಗುಡಿಸಿ ಗೂಡು ಮಾಡಿ, ಮೊಟ್ಟೆ ಕಾಯುತ್ತಾ ನಿಂತಿರುತ್ತೆ. ದಂಡೆಯ ಹತ್ತಿರ ಊಟದ ತಟ್ಟೆಗಿಂತ ದೊಡ್ಡದಾದ ಶುಭ್ರ ವೃತ್ತ ಕಂಡರೆ ಅದೇ. ಅಲ್ಲಿ ಗಾಳ ಹಾಕಬೇಡಿ. ಗಂಡನ್ನು ಎತ್ತಿದ ಎರಡು ನಿಮಿಷದಲ್ಲಿ ಬೇರೆ ಮೀನುಗಳು ಬಂದು ಮೊಟ್ಟೆ ಖಾಲಿ ಮಾಡುತ್ತವೆ.

ಎಡಿಸನ್ ಹೈದ

ಇಷ್ಟೊಂದು ಉತ್ತರ! ಸರಿ, ಜುಲೈಯಲ್ಲಿ ಟ್ರೌಟ್ ಆಸೆ ಬಿಟ್ಟೆವು. ಕ್ಯಾಲಿಕೂನ್‌ನಿಂದ ನ್ಯಾರೋಸ್‌ಬರ್ಗ್ ಮಾಡಿದರೆ ಹೇಗೆ, 13 ಮೈಲಿ ಚಿಲ್ಲರೆ, ಎರಡು ದಿನ? ಬಾಸ್ ಎಲ್ಲಿ ಇರುತ್ತೆ, ಏನು ಹಾಕಬೇಕು, ಸ್ವಲ್ಪ ಬಿಡಿಸಿ ಹೇಳಿ. ಅಂಗಡಿಯಲ್ಲಿ ಹೋಗಿ ನಿಂತರೆ ಗೋಡೆ ತುಂಬ ಪ್ಲಾಸ್ಟಿಕ್ ಹುಳ.

ಕೊಡಗಿನ ಕಾಫಿ

ಎರಡೇ ಸಾಕು. ಒಂದು ಟ್ಯೂಬ್ (ಟೊಳ್ಳಾದ ಮೆತ್ತನೆ ಪ್ಲಾಸ್ಟಿಕ್ ಹುಳ), ಮೂರೂವರೆ ಇಂಚಿನದು, ಗ್ರೀನ್ ಪಂಪ್ಕಿನ್ ಬಣ್ಣ, ಎಂಟನೇ ಒಂದು ಔನ್ಸ್ ಜಿಗ್ ಹೆಡ್, ಅಂದರೆ ತಲೆಯಲ್ಲಿ ತೂಕ ಇರುವ ಗಾಳ. ಇನ್ನೊಂದು ನೀರಿನ ಮೇಲೆ ಪುಳಕ್ ಅನ್ನುವ ಪಾಪ್ಪರ್, ಬೆಳಿಗ್ಗೆ ಸಂಜೆಗೆ. ಆರೂವರೆ ಅಡಿ ಸ್ಪಿನ್ನಿಂಗ್ ರಾಡ್, 6 ಇಲ್ಲಾ 8 ಪೌಂಡ್ ಲೈನ್. ಉಳಿದದ್ದೆಲ್ಲ ಅಂಗಡಿಯವನ ಮಕ್ಕಳ ಕಾಲೇಜು ಫೀಸು.

ಎಲ್ಲಿ ಅಂದರೆ: ಟೇಬಲ್ ಗಾತ್ರದ ಬಂಡೆ ನೋಡಿ, ಅದರ ಎರಡೂ ಕಡೆ ನೀರು ಜೋರಾಗಿ ಹೋಗಿ ಹಿಂದೆ ಸ್ವಲ್ಪ ಜಾಗ ನಿಂತಿರುತ್ತೆ. ಜೋರು ನೀರಿಗೂ ನಿಂತ ನೀರಿಗೂ ನಡುವೆ ಒಂದು ಗೆರೆ ಇದೆಯಲ್ಲ, ಸಣ್ಣ ಗುಳ್ಳೆಗಳು ಅದರ ಮೇಲೇ ಸಾಲಾಗಿ ಸುತ್ತುತ್ತಿರುತ್ತವೆ, ಆ ಗೆರೆ ಬೇಕು. ಟ್ಯೂಬನ್ನು ಬಂಡೆಯ ಮೇಲ್ಗಡೆಗೆ ಎಸೆದು ನೀರೇ ಅದನ್ನು ಗೆರೆಗೆ ತಂದು ಹಾಕಲಿ. ಲೈನ್ ಸಡಿಲ ಬಿಡಬೇಡಿ, ಬಿಗಿಯೂ ಬೇಡ. ತಳದಲ್ಲಿ ಟಕ್ ಟಕ್ ಅಂತ ಕಲ್ಲು ತಾಗುವುದು ಬೆರಳಿಗೆ ಗೊತ್ತಾಗುತ್ತೆ. ಒಮ್ಮೆ ಆ ಟಕ್ ನಿಂತು ಲೈನ್ ಮೆತ್ತಗೆ ಪಕ್ಕಕ್ಕೆ ನಡೆಯಲು ಶುರು ಮಾಡುತ್ತೆ. ಕಚ್ಚಿದ ಹಾಗೆ ಅನ್ನಿಸುವುದೇ ಇಲ್ಲ, ಯಾರೋ ಎತ್ತಿಕೊಂಡು ಹೊರಟ ಹಾಗೆ. ಆಗ ಎಳೆಯಿರಿ. ಮರುಕ್ಷಣ ಕಂಚಿನ ಬಣ್ಣದ ಮೀನು ನೀರಿನಿಂದ ಪೂರ್ತಿ ಮೇಲೆ ಬಂದು ತಲೆ ಕೊಡವುತ್ತೆ, ಕೆಂಪು ಕಣ್ಣು, ಪಕ್ಕೆಯಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ. ಒಂದೂವರೆ ಪೌಂಡಿನ ಮೀನು ಕನೂವಿನ ಮೂತಿಯನ್ನೇ ತಿರುಗಿಸುತ್ತೆ, ಸುಳ್ಳಲ್ಲ.

ನಡು ಮಧ್ಯಾಹ್ನ ಬಿಸಿಲಿಗೆ ಮರದ ನೆರಳು ಬಿದ್ದ ಆಳದ ದಂಡೆ, ಇಲ್ಲಾ ತೆಳು ನೀರು ಮಡುವಿಗೆ ಬೀಳುವ ಬಾಯಿ. ನ್ಯಾರೋಸ್‌ಬರ್ಗ್‌ನ ಬಿಗ್ ಎಡ್ಡಿ 113 ಅಡಿ ಆಳ, ಇಡೀ ಡೆಲವೇರ್‌ನಲ್ಲೇ ಅತಿ ಆಳದ ಜಾಗ, ನೋಡಲು ಚೆಂದ, ಟ್ಯೂಬ್ ಹಾಕಲು ಅಲ್ಲ.

ಟೊರೊಂಟೊ ಶೆಟ್ರು

ನಮ್ಮಲ್ಲೂ ಇದೇ ಕಥೆ. ಒಂಟಾರಿಯೊದ ಗ್ರ್ಯಾಂಡ್ ನದಿ. 1942ರ ಶಾಂಡ್ ಡ್ಯಾಮ್ ತಳದಿಂದ ತಣ್ಣೀರು, ಅದರ ಕೆಳಗೆ ಫರ್ಗಸ್, ಎಲೋರಾ ಕಡೆ ಬ್ರೌನ್ ಟ್ರೌಟ್. ಇನ್ನೂ ಕೆಳಗೆ ಪ್ಯಾರಿಸ್ ಊರಿನ ಹತ್ತಿರ ಸ್ಮಾಲ್‌ಮೌತ್, ಕನೂ ಬಾಡಿಗೆಗೂ ಸಿಗುತ್ತೆ. ಎಲೋರಾ ಕಮರಿಗೆ ಮಾತ್ರ ಕನೂ ತರಬೇಡಿ.

ಒಂದು ಮಾತು ಕೇಳಬಹುದಾ, ಎಲ್ಲರೂ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರ ಥರ ಮಾತಾಡುತ್ತಿದ್ದೀರಿ, ತಿನ್ನುವ ಮಾತು ಯಾರೂ ಎತ್ತಿಲ್ಲ. ಕರಾವಳಿಯವನಿಗೆ ಮೀನು ಹಿಡಿದು ಮುತ್ತು ಕೊಟ್ಟು ಬಿಡುವುದು ಅರ್ಥವೇ ಆಗುವುದಿಲ್ಲ. ತಿನ್ನದಿದ್ದರೆ ಹಿಡಿಯುವುದು ಯಾಕೆ?

ಮಲ್ಪೆ ಹುಡುಗ

ಶೆಟ್ರೇ, ನನ್ನ ಮನಸ್ಸಿನ ಮಾತು ಹೇಳಿದಿರಿ. ತವಾದಲ್ಲಿ ಬಾಸ್ ಚೆನ್ನಾಗಿಯೇ ಇರುತ್ತೆ.

ಹುಟ್ಟು ಹಿಡಿದವ

ತಿನ್ನುವುದು ತಪ್ಪಲ್ಲ, ಕಾನೂನು ಎಷ್ಟು ಬಿಡುತ್ತೋ ಅಷ್ಟು. ಆದರೆ ಲೆಕ್ಕ ನೋಡಿ. ಬಂಗುಡೆ ಒಂದೆರಡು ವರ್ಷಕ್ಕೆ ಬೆಳೆದು ನಿಲ್ಲುತ್ತೆ. ಇಲ್ಲಿನ ತಣ್ಣನೆ ನದಿಯಲ್ಲಿ ಸ್ಮಾಲ್‌ಮೌತ್ 12 ಇಂಚು ಆಗಲು ನಾಲ್ಕೈದು ವರ್ಷ ಬೇಕು. ವಾರಾಂತ್ಯಕ್ಕೆ ನ್ಯೂಜೆರ್ಸಿ, ನ್ಯೂಯಾರ್ಕ್ ಪೂರ್ತಿ ಬಂದು ಕೂರುವ ನದಿ ಇದು. ಎಲ್ಲರೂ ಎರಡೆರಡು ಎತ್ತಿದರೆ ಆಮೇಲೆ ಕನೂ ಸವಾರಿ ಮಾತ್ರ ಉಳಿಯುತ್ತೆ. ನಾನು ತಿನ್ನಬೇಕು ಅಂದರೆ ಅಂಗಡಿಯಿಂದ ತರುತ್ತೇನೆ, ಬಂಗುಡೆನೇ.

ಹೇಗೆ ಬಿಡಬೇಕು ಅನ್ನುವುದೂ ಇದೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಬಾಸ್‌ಗೆ ಕೆಳದವಡೆ ಹಿಡಿದರೆ ಸಾಕು, ಹಲ್ಲು ಉಪ್ಪು ಕಾಗದದ ಥರ ಅಷ್ಟೇ. ಟ್ರೌಟನ್ನು ಹಾಗೆ ಹಿಡಿಯಬೇಡಿ. ರಬ್ಬರ್ ಬಲೆಯಲ್ಲಿ ನೀರೊಳಗೇ ಇರಲಿ, ಕೈ ಒದ್ದೆ ಮಾಡಿಕೊಂಡು ಹೊಟ್ಟೆಯ ಕೆಳಗೆ ಆಧಾರ ಕೊಡಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತೆ, ಅಲ್ಲಿ ಬೂಷ್ಟು ಹಿಡಿಯುತ್ತೆ. ಮೂತಿ ಹರಿವಿಗೆ ಎದುರಾಗಿ ಹಿಡಿದಿರಿ. ಕಿವಿರು ಒಂದು ಲಯಕ್ಕೆ ಬಂದು, ಬಾಲ ನಿಮ್ಮ ಬೆರಳನ್ನು ತಳ್ಳಿದಾಗ ಕೈ ಬಿಡಿ. ಅದಕ್ಕೆ ಮೊದಲು ತಳ್ಳಿದರೆ ಪಕ್ಕಕ್ಕೆ ವಾಲುತ್ತೆ.

ಕಾವೇರಿ ಕನ್ನಡಿಗ

ನಾನು ಒಂದು ತಕರಾರು ತೆಗೆಯುತ್ತೇನೆ. ಇಷ್ಟೆಲ್ಲ ಪ್ರೀತಿ ತೋರಿಸುತ್ತಿರುವ ಮೀನು ಯಾವುದೂ ಈ ನದಿಯದಲ್ಲ. ಸ್ಮಾಲ್‌ಮೌತನ್ನು 1870ರಲ್ಲಿ ಪೊಟೊಮ್ಯಾಕ್‌ನಿಂದ ತಂದು ಈಸ್ಟನ್ ಹತ್ತಿರ ಡೆಲವೇರ್‌ಗೆ ಬಿಟ್ಟರು. ಬ್ರೌನ್ ಟ್ರೌಟಿನ ಮೊಟ್ಟೆ 1883ರಲ್ಲಿ ಜರ್ಮನಿಯಿಂದ ನ್ಯೂಯಾರ್ಕಿಗೆ ಬಂತು. ರೇನ್‌ಬೋ ಕ್ಯಾಲಿಫೋರ್ನಿಯಾದ್ದು, ಕ್ಯಾಲಿಕೂನ್ ಹತ್ತಿರ ರೈಲು ಕೆಟ್ಟು ನಿಂತಾಗ ರೈಲಿನವರು ಹಾಲಿನ ಕ್ಯಾನ್‌ನಲ್ಲಿದ್ದ ಮರಿಗಳನ್ನು ಹೊಳೆಗೆ ಸುರಿದರು ಅಂತ ಅಲ್ಲಿಯವರು ಹೇಳುತ್ತಾರೆ. ಟ್ರೌಟ್‌ಗಳಲ್ಲಿ ಇಲ್ಲಿಯದೇ ಅಂದರೆ ಬ್ರೂಕ್ ಟ್ರೌಟ್ ಒಂದೇ, ಅದು ಈಗ ಸಣ್ಣ ಹಳ್ಳಗಳಿಗೆ ಸೇರಿಕೊಂಡಿದೆ.

ನಮ್ಮಲ್ಲಿ ಏನಾಯಿತು ಗೊತ್ತಲ್ಲ. ಕಾವೇರಿಗೆ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿ ತಂದು ಬಿಟ್ಟರು, ಒಳ್ಳೆಯ ಉದ್ದೇಶಕ್ಕೇ. ನಮ್ಮದೇ ಗೂನು ಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕ್ಯಾಂಪ್‌ಗಳಲ್ಲಿ ಹರಿಗೋಲಿನಲ್ಲಿ ಕೂತು ಹಿಡಿದು ಬಿಡುತ್ತಿದ್ದ ಆಟವೂ ನಿಂತು ಹೋಯಿತು.

ಹುಟ್ಟು ಹಿಡಿದವ

ಒಪ್ಪಿದೆ. ಆದರೆ ಡೆಲವೇರ್‌ನಲ್ಲಿ ನೀರೇ ಬದಲಾಗಿದೆ. ಡ್ಯಾಮ್ ಕಟ್ಟುವ ಮುಂಚೆ ಬೇಸಿಗೆಯಲ್ಲಿ ಹ್ಯಾಂಕಾಕ್ ಕೆಳಗೆ ಬಾಸ್ ನೀರೇ ಇತ್ತು, ಟ್ರೌಟ್ ಅಲ್ಲಿ ಬೇಸಿಗೆ ಕಳೆಯುವಂತಾಗಿದ್ದೇ ಡ್ಯಾಮ್ ಬಂದ ಮೇಲೆ. ಹೊರಗಿನವು ಹೌದು, ಈಗ ತಾವಾಗಿ ಮರಿ ಮಾಡಿಕೊಂಡಿವೆ, ಕಾಡು ಮೀನೇ. ಬ್ರೂಕ್ ಟ್ರೌಟ್ ಇರುವ ಹಳ್ಳಕ್ಕೆ ನಾನು ಗಾಳ ತೆಗೆದುಕೊಂಡು ಹೋಗುವುದಿಲ್ಲ, ಅಷ್ಟು ಮಾಡಬಲ್ಲೆ.

ಕಪಿಲೆ

ಲೈಸೆನ್ಸ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನ್ಯೂಜೆರ್ಸಿ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ, ಪೋರ್ಟ್ ಜರ್ವಿಸ್ ಮೇಲೆ ನದಿ ನ್ಯೂಯಾರ್ಕ್-ಪೆನ್ಸಿಲ್ವೇನಿಯಾ ಗಡಿ. ಆ ಎರಡರಲ್ಲಿ ಯಾವುದಾದರೂ ಒಂದರ ಲೈಸೆನ್ಸ್ ಸಾಕು. ಪೆನ್ಸಿಲ್ವೇನಿಯಾದ್ದು ಮಾಡಿಸಿ ಮುಂದೆ ಮೇ ತಿಂಗಳಲ್ಲಿ ಟ್ರೌಟ್‌ಗೂ ಹೋಗುವುದಾದರೆ ಟ್ರೌಟ್ ಪರ್ಮಿಟ್ ಬೇರೆ ತಗೊಳ್ಳಬೇಕು. ಪೆನ್ಸಿಲ್ವೇನಿಯಾ ಫಿಶ್ ಅಂಡ್ ಬೋಟ್ ಕಮಿಷನ್‌ನ ಜಾಗದಲ್ಲಿ ಕನೂ ಇಳಿಸಿದರೆ ಅದಕ್ಕೂ ಲಾಂಚ್ ಪರ್ಮಿಟ್ ಇದೆ.

ಇನ್ನೊಂದು. ದಂಡೆ ಹೆಚ್ಚಿನದು ಖಾಸಗಿ ಜಮೀನು. ಪಾರ್ಕ್ ಅಂತ ಹೆಸರಿದ್ದರೂ ಪಾರ್ಕಿನವರ ಸ್ವಂತ ಜಾಗ ತೀರಾ ಕಡಿಮೆ. ಚಿತ್ರಾನ್ನ ಡಬ್ಬಿ ಬಿಚ್ಚಲು ಕಂಡ ಹುಲ್ಲಿನ ಮೇಲೆ ಹತ್ತಬೇಡಿ. ರಾತ್ರಿಗೆ ಕ್ಯಾಂಪ್‌ಗ್ರೌಂಡ್ ಮೊದಲೇ ಬುಕ್ ಮಾಡಿ, ಜುಲೈ ನಾಲ್ಕು ಅಂದರೆ ಈಗಲೇ ತುಂಬಿರುತ್ತೆ.

ಎಡಿಸನ್ ಹೈದ

ಜುಲೈ ನಾಲ್ಕು ಬಿಟ್ಟು ಅದರ ಮುಂದಿನ ವಾರ, ಅದೂ ಸೋಮವಾರ ಮಂಗಳವಾರ ಮಾಡಿಕೊಂಡೆವು. ಮೊದಲ ದಿನ ಕ್ಯಾಲಿಕೂನ್‌ನಿಂದ ಸ್ಕಿನ್ನರ್ಸ್ ಫಾಲ್ಸ್ ಮೇಲ್ಗಡೆ ತನಕ, ಎಂಟು ಮೈಲಿ. ರಾತ್ರಿ ಅಲ್ಲೇ ಕ್ಯಾಂಪ್. ಬೆಳಿಗ್ಗೆ ಕನೂ ಹೊತ್ತು ಫಾಲ್ಸ್ ದಾಟುವುದು, ಉಳಿದ ಐದು ಮೈಲಿ. ಲಂಗರು ಕೊಳ್ಳುವುದಿಲ್ಲ. ಒಂದು ಕಾರು ನ್ಯಾರೋಸ್‌ಬರ್ಗ್‌ನಲ್ಲಿ ಮೊದಲೇ ಬಿಡಬೇಕಲ್ವಾ? ನಮ್ಮ ಹತ್ತಿರ ಬರುವುದು ಒಂದೇ ಕಾರು.

ಮಂಡ್ಯ ಮೀನು

ಕನೂ ಬಾಡಿಗೆ ಕೊಡುವವರನ್ನು ಕೇಳಿ, ಕೆಲವರು ನಿಮ್ಮ ಸ್ವಂತ ಕನೂವನ್ನೂ ನಿಮ್ಮನ್ನೂ ಮೇಲಕ್ಕೆ ಕರೆದುಕೊಂಡು ಹೋಗಿ ಬಿಡುತ್ತಾರೆ, ದುಡ್ಡು ತಗೊಂಡು. ನಿಮ್ಮ ಕಾರನ್ನು ಕೆಳಗೆ, ಮುಗಿಸುವ ಜಾಗದಲ್ಲೇ ನಿಲ್ಲಿಸಿ, ಮೇಲೆ ಅಲ್ಲ. ಸಂಜೆ ಒದ್ದೆ ಬಟ್ಟೆಯಲ್ಲಿ ಯಾರದೋ ವ್ಯಾನಿಗೆ ಕಾಯುವುದು ತಪ್ಪುತ್ತೆ. ಸೋಮವಾರ ಎಷ್ಟು ಗಂಟೆಗೆ ಮೊದಲ ಗಾಡಿ ಅಂತ ಫೋನ್ ಮಾಡಿ ಕೇಳಿಕೊಳ್ಳಿ, ವಾರದ ದಿನ ಕೆಲವರು ತಡವಾಗಿ ಬಾಗಿಲು ತೆಗೆಯುತ್ತಾರೆ. ಕಾರಿನ ಕೀ ಕನೂದಲ್ಲಿ ಇಡಬೇಡಿ, ಜಾಕೆಟ್ಟಿನ ಜಿಪ್ ಜೇಬಿನಲ್ಲಿ ಇರಲಿ.

ಕೊಡಗಿನ ಕಾಫಿ

ಭಾವಮೈದನ ಕಾರ್ಪ್ ರಾಡಿಗೆ 12 ಪೌಂಡ್ ಲೈನ್ ಹಾಕಿ. ಮುದ್ದೆ ಹಿಂದಿನ ದಿನವೇ ಮಾಡಿಟ್ಟರೆ ಗಟ್ಟಿ ಕೂರುತ್ತೆ, ಗಾಳದಿಂದ ಬೇಗ ಬಿಡುವುದಿಲ್ಲ.